ಸಾತವ್ವನ ಮನೆಯ ತೂಕ

ನಾನು ಈ ಊರಿಗೆ ಮನೆ ಅಳಿಯನಾಗಿ ಬಂದ ದಿನ, ಆರತಿ ಎತ್ತುವುದಕ್ಕೂ ಮೊದಲು ನನ್ನನ್ನು ತೂಗಿದರು. ಹೊಸ್ತಿಲ ಹೊರಗೆ ಮೂರು ಗಳ ನೆಟ್ಟು ಅದಕ್ಕೆ ದೊಡ್ಡ ತಕ್ಕಡಿ ಕಟ್ಟಿದ್ದರು. ಒಂದು ತಟ್ಟೆಯಲ್ಲಿ ನಾನು ಬಾಸಿಂಗ ಕಟ್ಟಿಕೊಂಡು ಕೂತೆ. ಇನ್ನೊಂದರಲ್ಲಿ ಊರಿನ ತೂಕದ ಯಜಮಾನರು ದಸ್ತಗೀರಸಾಬರು ಒಂದೊಂದೇ ಕಲ್ಲು ಇಡುತ್ತಾ ಹೋದರು. ಎಂಬತ್ತೆಂಟು ಕಿಲೋಗೆ ಮುಳ್ಳು ನೆಟ್ಟಗೆ ನಿಂತಿತು. ನನ್ನ ಅತ್ತೆ ಸಾತವ್ವ ಆರತಿ ತಟ್ಟೆ ಹಿಡಿದುಕೊಂಡೇ ಎದುರು ಮನೆಯ ಕಡೆ ನೋಡಿದರು. ಎದುರು ಮನೆಯ ಟೇಲರ್ ಈರಭದ್ರಪ್ಪ ತನ್ನ ಕಟ್ಟೆಯ ಮೇಲೆ ನಿಂತು ಚಪ್ಪಾಳೆ ತಟ್ಟುತ್ತಿದ್ದ.

"ಛಲೋ ಅಳಿಯ ಸಿಕ್ಕಾನ ನೋಡ್ರಿ ಸಾತವ್ವಾರ," ಅಂದ. "ಏನ್ ಮೈಕಟ್ಟು! ದಿನಾ ಹೊಟ್ಟಿ ತುಂಬ ಊಟಕ್ಕ ಹಾಕ್ರಿ ಮತ್ತ."

ನಾನು ಹೊಗಳುತ್ತಿದ್ದಾನೆ ಅಂದುಕೊಂಡು ಕೈ ಮುಗಿದೆ. ಊರಿನ ರೀತಿ ನನಗಿನ್ನೂ ತಿಳಿದಿರಲಿಲ್ಲ.

ರೀತಿ ಇಷ್ಟೇ. ಊರಿನ ಮೂಡಣ ಭಾಗ ವರ್ಷಕ್ಕೆ ಒಂದು ಗೇಣು ಪಡುವಣದ ಕಡೆ ಸರಿಯುತ್ತದೆ. ಪಡುವಣ ಭಾಗ ಜಾಗ ಬಿಟ್ಟುಕೊಡುವುದಿಲ್ಲ. ನನ್ನ ಹೆಂಡತಿ ಕಾಶವ್ವನ ಮುತ್ತಜ್ಜಿಯ ಕಾಲಕ್ಕೆ ಇವೆರಡರ ನಡುವೆ ಸಮುದ್ರವಿತ್ತಂತೆ, ಹಡಗು ಬರುತ್ತಿದ್ದವಂತೆ. ಅಜ್ಜಿಯ ಕಾಲಕ್ಕೆ ಅದು ಹೊಳೆಯಾಯಿತು, ಆಮೇಲೆ ಕೆಸರಿನ ಹಳ್ಳ, ಆಮೇಲೆ ಎರಡು ಗಾಡಿ ಅಕ್ಕಪಕ್ಕ ಹೋಗುವಂಥ ಪೇಟೆಬೀದಿ. ನಾನು ಬರುವಷ್ಟರಲ್ಲಿ ಐದು ಗೇಣಿನ ಓಣಿ ಉಳಿದಿತ್ತು. ವರ್ಷಕ್ಕೆ ಗೇಣಿನಂತೆ ಅಷ್ಟು ದೊಡ್ಡ ಸಮುದ್ರ ಇಷ್ಟು ಬೇಗ ಹೇಗೆ ಮುಚ್ಚಿತು ಎಂದು ನಾನೊಮ್ಮೆ ಕೇಳಿದ್ದಕ್ಕೆ ಅತ್ತೆ, "ಆಗಿನ ಮಂದೀದು ಕೈ ದೊಡ್ಡು ಇದ್ದೂರಿ," ಅಂದರು.

ಸಮುದ್ರದ ತಳದ ಕೆಸರೆಲ್ಲ ಎಲ್ಲಿ ಹೋಯಿತು ಅಂದರೆ ಓಣಿಯ ಬಡಗಣ ತುದಿಯ ಗುಡ್ಡವನ್ನು ತೋರಿಸುತ್ತಾರೆ. ಎರಡೂ ಕಡೆಯಿಂದ ಒತ್ತಿದ್ದಕ್ಕೆ ಅದು ಮಡಿಕೆ ಮಡಿಕೆಯಾಗಿ ಮೇಲೆದ್ದಿದೆ. ಅದರ ನೆತ್ತಿಯ ಮೇಲೆ ಶಾಲೆಯಿದೆ. ಕಟ್ಟುವಾಗ ಬಯಲಲ್ಲೇ ಕಟ್ಟಿದ್ದರು. ಬೆಳಿಗ್ಗೆ ಅಂಗಳ ಗುಡಿಸಿದರೆ ಬುಟ್ಟಿ ತುಂಬ ಕಪ್ಪೆಚಿಪ್ಪು ಸಿಗುತ್ತವೆ, ಮಾಸ್ತರರು ಅದನ್ನೇ ಸುಟ್ಟು ಸುಣ್ಣ ಮಾಡಿ ಗೋಡೆಗೆ ಬಳಿಯುತ್ತಾರೆ. ಕೆಸರಿಗೆ ತೂಕವಿಲ್ಲ, ಅದಕ್ಕೇ ಏಳುತ್ತದೆ, ಮನೆಗೆ ತೂಕವಿದೆ, ಅದಕ್ಕೇ ಇಳಿಯುತ್ತದೆ ಎಂದು ಊರಿನವರು ಅದನ್ನೊಂದು ವಿಷಯ ಅಂತಲೇ ಎಣಿಸುವುದಿಲ್ಲ.

ಸಮುದ್ರವಿದ್ದಾಗಿನ ದೋಣಿ ಕಚೇರಿಯನ್ನು ಮಾತ್ರ ಯಾರೂ ಮುಚ್ಚಿರಲಿಲ್ಲ. ಅದರಲ್ಲೇ ನನಗೆ ಗುಮಾಸ್ತನ ಕೆಲಸ ಸಿಕ್ಕಿತು. ಓಣಿ ದಾಟುವವರು ನನ್ನಿಂದ ಚೀಟಿಗೆ ಮುದ್ರೆ ಹಾಕಿಸಿಕೊಂಡು, ಗೋಡೆಗೆ ಒರಗಿಸಿದ್ದ ದೋಣಿಯ ಹುಟ್ಟನ್ನು ಕೈಯಲ್ಲಿ ಹಿಡಿದು, ಎರಡು ಹೆಜ್ಜೆ ಇಟ್ಟು ಅದನ್ನು ಆಚೆ ಗೋಡೆಗೆ ಒರಗಿಸಿ ಹೋಗಬೇಕು. ಈಚೆ ಬರುವವರು ಅದನ್ನೇ ತರಬೇಕು. ಗಾಳಿ ಜೋರಾಗಿ ಬೀಸುವ ದಿನ ಸಂಚಾರ ಬಂದ್. ಮೂರೂವರೆ ಗೇಣಿನ ಓಣಿಯ ಈಚೆ ನಿಂತು, ಆಚೆ ಮನೆಯ ಬೀಗರ ಜೊತೆ ಕಷ್ಟಸುಖ ಮಾತಾಡುತ್ತಾ, ಗಾಳಿ ನಿಲ್ಲಲಿ ಬರ್ತೀವಿ ಅನ್ನುವವರನ್ನು ನಾನೇ ನೋಡಿದ್ದೇನೆ.

ಎರಡು ಮನೆ ಕೂಡಿದಾಗ ಭಾರದ ಮನೆ ಕೆಳಗೆ ಹೋಗುತ್ತದೆ, ಹಗುರ ಮನೆ ಅದರ ಮೇಲೆ ಏರಿ ಕೂರುತ್ತದೆ. ಕೆಳಗೆ ಹೋದದ್ದಕ್ಕೆ ಅಡಿಮನೆ ಅಂತ ಹೆಸರು. ಅಡಿಮನೆಯವರು ಸಾಯುವುದಿಲ್ಲ, ಬದುಕುತ್ತಾರೆ, ಆದರೆ ಅವರಿಗೆ ತಮ್ಮದೇ ಬಾಗಿಲು ಇರುವುದಿಲ್ಲ. ಮೇಲಿನ ಮನೆಯ ಅಡುಗೆಕೋಣೆಯ ನೆಲದಲ್ಲಿ ಒಂದು ಕಿಂಡಿ ಮಾಡಿ ಕೊಡುತ್ತಾರೆ, ಅಲ್ಲಿಂದಲೇ ಬರಬೇಕು, ಅಲ್ಲಿಂದಲೇ ಹೋಗಬೇಕು. ಬಳೆಗಾರ ಚಂದಪ್ಪನ ಮನೆಯ ಮೇಲೆ ಆಗಲೇ ಮೂರು ಮನೆ ಕೂತಿದ್ದವು. ಅವನು ಪೇಟೆಗೆ ಬರಬೇಕಾದರೆ ಮೂರು ಅಡುಗೆಕೋಣೆ ಹಾಯಬೇಕು. ಹಾದಾಗಲೆಲ್ಲ ಮನೆಯವರು ಮರ್ಯಾದೆಗೆ ಒಂದು ತುತ್ತು ತಿನ್ನಿಸುತ್ತಿದ್ದರು. ಅವನ ಮನೆಯವರೆಲ್ಲ ಹಾಗೇ ಉಬ್ಬಿ, ಇನ್ನಷ್ಟು ಭಾರವಾಗಿ, ಇನ್ನಷ್ಟು ಕೆಳಗೆ ಹೋಗುತ್ತಿದ್ದರು.

ನನ್ನ ಅತ್ತೆಗೆ ಈ ಕಿಂಡಿಯ ಸಂಕಟ ಗೊತ್ತಿತ್ತು. ಮದುವೆಯಾದ ಹೊಸದರಲ್ಲೇ ಒಂದು ದಿನ ರೊಟ್ಟಿ ಬಡಿಯುತ್ತಾ ತಾವಾಗಿಯೇ ಹೇಳಿದರು. "ನಾ ಹನ್ನೊಂದು ವರ್ಷದಾಕಿ ಇದ್ದಾಗ ನಮ್ಮ ತವರುಮನಿ ಕೆಳಗ ಹೋತು ಅಳಿಯಂದಿರ. ಸಾಲಿಗೆ ಹೋಗಬೇಕಂದ್ರ ಚಪ್ಪಲಿ ಕೈಯಾಗ ಹಿಡ್ಕೊಂಡು, ತಲಿ ಹೊರಗ ಹಾಕಿ, 'ಬರಲೇನ್ರಿ' ಅಂತ ಕೇಳಬೇಕು. ಮ್ಯಾಲಿನ ಮನಿಯಾಕಿ ಒಗ್ಗರಣಿ ಹಾಕಾಕತ್ತಿದ್ರ 'ತಡಿ' ಅಂತಿದ್ಲು. ಮದುವಿ ದಿನಾನೂ ನಾ ಬಾಸಿಂಗ ಕಟ್ಟಿಕೊಂಡು ಕಿಂಡ್ಯಾಗ ತಲಿ ಹಾಕಿ ಬರಲೇನ್ರಿ ಅಂದೀನಿ. ಇನ್ನೊಮ್ಮೆ ಕೇಳಂಗಿಲ್ಲ. ಸತ್ರೂ ಕೇಳಂಗಿಲ್ಲ."

ಹೀಗಾಗಿ ಓಣಿಯ ಎರಡೂ ಬದಿಯವರು ಮನೆ ಹಗುರ ಮಾಡುವುದರಲ್ಲೇ ಜೀವ ಸವೆಸುತ್ತಿದ್ದರು. ಬೀಸುಕಲ್ಲು, ಕಬ್ಬಿಣದ ಟ್ರಂಕು, ತಾಮ್ರದ ಹಂಡೆ ಮೊದಲು ಹೋಗುತ್ತಿದ್ದವು. ಆಮೇಲೆ ಗೋಡೆ ಕೆರೆದು ತೆಳ್ಳಗೆ ಮಾಡುವುದು. ಇಷ್ಟೇ ಸಾಲದು, ಎದುರು ಮನೆ ಭಾರವಾಗುವ ಹಾಗೆಯೂ ನೋಡಿಕೊಳ್ಳಬೇಕು. ಅದಕ್ಕೆ ಇದ್ದ ಮರ್ಯಾದೆಯ ದಾರಿ ಒಂದೇ, ಉಡುಗೊರೆ. ಕೊಟ್ಟದ್ದನ್ನು ಬೇಡ ಅನ್ನುವ ಹಾಗಿರಲಿಲ್ಲ, ಮೂರು ವರ್ಷ ಮನೆಯಲ್ಲಿ ಇಟ್ಟುಕೊಳ್ಳಲೇಬೇಕು. ದಾನಕ್ಕೆ ಬಂದ ಆಕಳ ಹಲ್ಲು ಎಣಿಸಬಾರದು ಅನ್ನುತ್ತಾರೆ. ನಮ್ಮೂರಲ್ಲಿ ಹಲ್ಲು ಬಿಟ್ಟು ಆಕಳನ್ನೇ ಎತ್ತಿ ನೋಡುತ್ತಿದ್ದರು. ನಮ್ಮ ಮದುವೆಗೆ ಈರಭದ್ರಪ್ಪ ಕಲ್ಲಿನ ಆನೆ ಕೊಟ್ಟ. ಅತ್ತೆ ನಗುನಗುತ್ತಾ ಕುಂಕುಮ ಹಚ್ಚಿ ಒಳಗೆ ತರಿಸಿಕೊಂಡು, ಮಾರನೆಯ ತಿಂಗಳು ಅವನ ಮಗಳ ಮದುವೆಗೆ ಎಣ್ಣೆ ತೆಗೆಯುವ ಗಾಣ ಕಳಿಸಿದರು.

ಈ ಎಲ್ಲದರ ನಡುವೆ ನಾನು ಒಬ್ಬ ಇದ್ದೆ. ಅತ್ತೆ ನನ್ನ ತಟ್ಟೆಗೆ ಮೂರು ರೊಟ್ಟಿ ಹಾಕಿ, ಒಂದು ಕ್ಷಣ ನೋಡಿ, ಒಂದನ್ನು ವಾಪಸು ತೆಗೆಯುತ್ತಿದ್ದರು. ಹಾಕುವಾಗಿನ ಕೈಯೂ ಅದೇ, ತೆಗೆಯುವಾಗಿನ ಕೈಯೂ ಅದೇ. ನನಗೆ ಹೆತ್ತವರಿರಲಿಲ್ಲ. ಸಂಜೆ ಕಚೇರಿಯಿಂದ ಬರುವುದು ತಡವಾದರೆ ಬಾಗಿಲಲ್ಲಿ ನಿಂತು ದಾರಿ ಕಾಯುವವರನ್ನು ನಾನು ಮೊದಲು ಕಂಡದ್ದು ಆ ಮನೆಯಲ್ಲೇ. ಅದಕ್ಕೇ ತೆಗೆದ ರೊಟ್ಟಿಯ ಬಗ್ಗೆ ನಾನು ಚಕಾರ ಎತ್ತಲಿಲ್ಲ.

ಹಸಿವನ್ನು ಈರಭದ್ರಪ್ಪ ನೋಡಿಕೊಂಡ. ದಿನಕ್ಕೆರಡು ಸಲ ಹುಟ್ಟು ಹಿಡಿದು ಓಣಿ ದಾಟಿ ಕಚೇರಿಗೆ ಬರುತ್ತಿದ್ದ, ಬಂದಾಗಲೆಲ್ಲ ಕರದಂಟಿನ ಪೊಟ್ಟಣ ತರುತ್ತಿದ್ದ. "ಪಾಪ, ಅತ್ತಿಮನಿ ಊಟ ಎಷ್ಟಂತ ಸಾಲತೈತಿ," ಅನ್ನುತ್ತಿದ್ದ. ನಾನು ತಿನ್ನುತ್ತಿದ್ದೆ. ವರ್ಷಕ್ಕೊಮ್ಮೆ ಅಳತೆ ತೆಗೆದು ನನಗೆ ಪೈಜಾಮ, ಅಂಗಿ ಹೊಲಿದುಕೊಡುತ್ತಿದ್ದ. ಹೊಸ ಪೈಜಾಮ ಪ್ರತಿಸಲವೂ ಹಳೆಯದಕ್ಕಿಂತ ನಾಲ್ಕು ಬೆರಳು ಸಡಿಲವಿರುತ್ತಿತ್ತು. "ಭಾಳ ಸೊರಗಾಕತ್ತೀರಿ, ನೋಡ್ಕೊಳ್ರಿ," ಅನ್ನುತ್ತಿದ್ದ. ಬಟ್ಟೆ ಸಡಿಲವಾಗುತ್ತಿದೆ ಅಂದಮೇಲೆ ಮೈ ಇಳಿಯುತ್ತಿದೆ ಎಂದೇ ನಾನೂ ನಂಬಿದ್ದೆ, ಕಾಶವ್ವನೂ ನಂಬಿದ್ದಳು. ಅತ್ತೆಯಂತೂ ಜೋಲುವ ಅಂಗಿ ನೋಡಿ ಕಣ್ಣಲ್ಲಿ ನೀರು ತಂದುಕೊಂಡು ಒಂದೆರಡು ದಿನ ತುಪ್ಪ ಹಾಕಿದ್ದೂ ಉಂಟು.

ಐದನೆಯ ವರ್ಷ, ಓಣಿ ಏಳೆಂಟು ಬೆರಳು ಉಳಿದಾಗ, ದಸ್ತಗೀರಸಾಬರು ಎರಡೂ ಮನೆಯ ಕೊನೆಯ ತೂಕ ತೆಗೆಯಲು ಬಂದರು. ಕೊನೆಯ ತೂಕದಲ್ಲಿ ಮಡಕೆ, ಹಾಸಿಗೆ, ಬಾಗಿಲು, ಬೆಕ್ಕು ಎಲ್ಲವನ್ನೂ ತೂಗುತ್ತಾರೆ. ನನ್ನ ಸರದಿ ಬಂತು. ಅವರು ಎಂಬತ್ತಕ್ಕೆ ಕಲ್ಲಿಟ್ಟು ನೋಡಿದರು, ತೊಂಬತ್ತಕ್ಕೆ ನೋಡಿದರು, ಆಮೇಲೆ ಚೀಲಕ್ಕೆ ಕೈ ಹಾಕಿ ಮತ್ತೊಂದು ದೊಡ್ಡ ಕಲ್ಲು ತೆಗೆದರು.

"ನೂರಾ ಮೂರು," ಅಂದರು. ಎದುರಿನ ಕಿಟಕಿಯಲ್ಲಿ ಈರಭದ್ರಪ್ಪ ಕೆಮ್ಮಿದ.

ಅತ್ತೆ ಅಲ್ಲೇ ಕಟ್ಟೆಯ ಮೇಲೆ ಕೂತರು. ಅವರ ಮುಖ ನೋಡಲಾಗದೆ ನಾನು ನನ್ನ ಪೈಜಾಮದ ಸೊಂಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ತಕ್ಕಡಿಯಲ್ಲೇ ಕೂತಿದ್ದೆ. ನಾಚಿಕೆ ಅಂದರೆ ಏನೆಂದು ನನಗೆ ಆ ದಿನ ಗೊತ್ತಾಯಿತು. ತಿಂದ ಒಂದೊಂದು ಕರದಂಟೂ ನೆನಪಿಗೆ ಬಂತು.

"ನಾ ಹೋಗ್ತೀನ್ರಿ ಅತ್ತಿ," ಅಂದೆ. "ಬಯಲುಕೇರ್ಯಾಗ ಒಂದು ಖೋಲಿ ಹಿಡಿತೀನಿ. ಮನಿ ಕೂಡೂದು ಮುಗಿದ ಮ್ಯಾಲೆ ಬರ್ತೀನಿ."

ಮೂರು ವರ್ಷ ಮುಗಿಯುತ್ತಲೇ ಹೊರಗೆ ಹಾಕಿಸಿದ್ದ ಕಲ್ಲಿನ ಆನೆಯ ಖಾಲಿ ಜಾಗವನ್ನು ಅವರು ನೋಡಿದರು. ಆಮೇಲೆ, "ಕಾಶಿ, ಅವರ ಹಾಸಿಗಿ ಸುತ್ತಿ ಕೊಡು," ಅಂದರು.

ಕಾಶವ್ವ ಆಗ ಐದು ತಿಂಗಳ ಬಸುರಿ. ನನ್ನ ಹಾಸಿಗೆ ಸುತ್ತಿದಳು, ತನ್ನದನ್ನೂ ಸುತ್ತಿದಳು. ಅತ್ತೆ ಹೌಹಾರಿ ಎದ್ದರು. "ನೀ ಎಲ್ಲಿಗಿ? ನೀ ನಲವತ್ತೊಂಬತ್ತಽ ಇದ್ದೀ."

"ಇವತ್ತು ನಲವತ್ತೊಂಬತ್ತು ಯವ್ವಾ," ಅಂದಳು ಕಾಶವ್ವ. "ಮುಂದಿನ ತಿಂಗಳು ಐವತ್ತೆರಡು. ಹೊಟ್ಟ್ಯಾಗಿನ ಕೂಸು ಬೆಳೀಬೇಕೋ ಬ್ಯಾಡೋ? ಬೆಳದ್ರ ಭಾರ ಆಗ್ತೈತಿ. ನೀ ಅದಕ್ಕೂ ಒಂದು ದಿನ ತಕ್ಕಡಿ ತರ್ತಿ."

ತಾಯಿ ಮಗಳು ಇಬ್ಬರೂ ಅತ್ತರು. ಆದರೆ ತಡೆಯಲು ಅತ್ತೆ ಕೈ ಚಾಚಲಿಲ್ಲ. ನಾವಿಬ್ಬರೂ ಹೊಸ್ತಿಲು ದಾಟಿದ ಮೇಲೆ ತೂಕ ಎಷ್ಟಕ್ಕೆ ಇಳಿಯಿತು ಎಂದು ಅವರು ದಸ್ತಗೀರಸಾಬರನ್ನು ಕೇಳಿದ್ದು ನನ್ನ ಬೆನ್ನಿಗೆ ಕೇಳಿಸಿತು.

ಬಯಲುಕೇರಿ ಊರಿನ ಪಡುವಣ ಅಂಚಿನಲ್ಲಿದೆ. ಅಲ್ಲಿ ನೆಲ ಚಪ್ಪಟೆ, ಒತ್ತುವವರು ಯಾರೂ ಇಲ್ಲ. ಜನ ಕಬ್ಬಿಣದ ಮಂಚದ ಮೇಲೆ ಮಲಗುತ್ತಾರೆ, ಕಲ್ಲಿನ ತೊಟ್ಟಿಯಲ್ಲಿ ಸ್ನಾನ ಮಾಡುತ್ತಾರೆ, ಬೇಕಾದಷ್ಟು ತಿಂದು ತೇಗುತ್ತಾರೆ. ನಾನು ಅಲ್ಲಿ ಇದ್ದಷ್ಟು ದಿನ ಹೊಟ್ಟೆ ತುಂಬ ಉಂಡವನಲ್ಲ. ಕಾರಣ ಅತ್ತೆ.

ನಾವು ಹೋದ ಮೇಲೆ ಅವರು ಮನೆಯಲ್ಲಿ ಒಬ್ಬರೇ ಉಳಿದರು. ಯಾರೂ ಇಲ್ಲದ ಮನೆಯನ್ನು ಊರು ಮನೆ ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ, ಒಬ್ಬರಾದರೂ ಇರಲೇಬೇಕು. ಹಾಗಾಗಿ ಅವರು ಇದ್ದರು, ಆದರೆ ಆದಷ್ಟು ಕಡಿಮೆ ಇದ್ದರು. ಮೊದಲು ಹಂಚು ತೆಗೆಸಿ ಹುಲ್ಲು ಹೊದಿಸಿದರು. ಆಮೇಲೆ ಬಾಗಿಲು ಕೊಟ್ಟುಬಿಟ್ಟು ಗೋಣಿತಾಟು ಕಟ್ಟಿದರು. ಮಾವನವರ ಫೋಟೋವನ್ನು ಚೌಕಟ್ಟಿನಿಂದ ಬಿಡಿಸಿ ಬರೀ ಕಾಗದವನ್ನು ಗೋಡೆಗೆ ಅಂಟಿಸಿದರು. ಕೊನೆಗೆ ಊಟ ಬಿಟ್ಟರು. ನಾನು ದಿನಾ ಮಧ್ಯಾಹ್ನ ಕಚೇರಿಯ ಬಿಡುವಿನಲ್ಲಿ ಕಾಶವ್ವ ಕೊಟ್ಟ ಬುತ್ತಿ ಒಯ್ಯುತ್ತಿದ್ದೆ. ಅವರು ಗಂಟು ಬಿಚ್ಚದೆ, ಕೈಯಲ್ಲೇ ಎತ್ತಿ ನೋಡಿ, "ಇದು ಮುಕ್ಕಾಲು ಕಿಲೋ ಐತ್ರಿ ಅಳಿಯಂದಿರ," ಎಂದು ವಾಪಸು ಕೊಡುತ್ತಿದ್ದರು. ಆ ಬುತ್ತಿಯನ್ನು ನಾನು ಹೇಗೆ ಉಣ್ಣಲಿ? ದಾರಿಯಲ್ಲಿ ಸಿಕ್ಕ ಬಳೆಗಾರ ಚಂದಪ್ಪನಿಗೆ ಕೊಟ್ಟು ಹೋಗುತ್ತಿದ್ದೆ. ಆ ಮನುಷ್ಯ ಯಾವತ್ತೂ ಬೇಡ ಅನ್ನಲಿಲ್ಲ.

ಎದುರು ಮನೆಯಲ್ಲಿ ಈರಭದ್ರಪ್ಪನದೂ ಅದೇ ಪಾಡು. ಅವನ ಹೊಲಿಗೆ ಯಂತ್ರ ಹೋಯಿತು. ಅವನ ಅಪ್ಪನಿಂದ ಬಂದ ಯಂತ್ರ, ಅದನ್ನು ಒಯ್ಯುವಾಗ ಅವನು ಗಾಡಿಯ ಹಿಂದೆ ಪೇಟೆಯ ತಿರುವಿನವರೆಗೂ ನಡೆದುಕೊಂಡು ಹೋದನಂತೆ. ಆಮೇಲೆ ಅವನೂ ಉಪವಾಸ ಕೂತ. ಇಬ್ಬರ ಕಿಟಕಿಗಳೂ ಎದುರುಬದುರು, ನಡುವೆ ಅರ್ಧ ಗೇಣು. ಒಬ್ಬರು ನೀರು ಕುಡಿದರೆ ಇನ್ನೊಬ್ಬರು ಎಣಿಸುತ್ತಿದ್ದರು. ಮೂವತ್ತು ವರ್ಷ ಉಡುಗೊರೆ ಬಿಟ್ಟರೆ ಬೇರೇನೂ ಕೊಟ್ಟುತೆಗೆದುಕೊಳ್ಳದ ಇಬ್ಬರೂ ಈಗ ಬೇರೆ ಕೆಲಸವಿಲ್ಲದೆ ಮಾತಾಡತೊಡಗಿದರು. ಒಂದು ದಿನ ನಾನು ಹೋದಾಗ ಮಾತು ಬದನೆಕಾಯಿ ಎಣ್ಣೆಗಾಯಿಯ ಮೇಲೆ ನಡೆದಿತ್ತು.

"ಗುರೆಳ್ಳು ಪುಡಿ ಮುಂದ ಮಾಡಿ ಹಾಕಬೇಕ್ರಿ," ಎನ್ನುತ್ತಿದ್ದರು ಅತ್ತೆ, ಗೋಡೆಗೆ ಒರಗಿ, ಕಣ್ಣು ಮುಚ್ಚಿಕೊಂಡು.

"ಹಾಕ್ರಿ," ಅಂದ ಈರಭದ್ರಪ್ಪ ಆಚೆಯಿಂದ. ಅವನ ದನಿ ನೂಲಿನಷ್ಟು ಸಣ್ಣಗಾಗಿತ್ತು. "ಮ್ಯಾಲೆ ಎಣ್ಣಿ ತೇಲ್ತಿರಬೇಕು ನೋಡ್ರಿ."

ನನಗೆ ಸಿಟ್ಟು ಬಂತು. "ಇಬ್ಬರೂ ಸಾಯ್ತೀರಿ," ಅಂದೆ. "ಮನಿ ಮ್ಯಾಲೆ ಹೋಗಿ ಏನ್ ಮಾಡ್ತೀರಿ, ಅದರಾಗ ಇರಾಕ ಯಾರೂ ಉಳಿಯಂಗಿಲ್ಲ."

ಅತ್ತೆ ಕಣ್ಣು ತೆರೆದರು. "ನೀವು ಬಾಗಲ ಇರೂ ಮನ್ಯಾಗ ಬೆಳದವರು," ಅಂದರು. "ನಿಮಗ ತಿಳಿಯಂಗಿಲ್ಲ."

ನಾನು ಹಾಗೇ ಎದ್ದು ಬಂದೆ. ಬಾಗಿಲಿದ್ದ ಮನೆಯಿಂದ ಹೊರಗೆ ಹಾಕಿಸಿಕೊಂಡವನಿಗೆ ಏನು ತಿಳಿದಿದೆ ಎಂದು ಅವರನ್ನು ಕೇಳಬೇಕೆಂದಿದ್ದೆ.

ಕಾಶವ್ವ ಹೆಣ್ಣುಮಗು ಹೆತ್ತಳು. ಸುದ್ದಿ ಹೇಳಲು ಹೋದರೆ ಅತ್ತೆ ಮೊದಲು ನಕ್ಕರು, ಆಮೇಲೆ "ಎಷ್ಟು..." ಎಂದು ಬಾಯಿ ತೆರೆದು, ನನ್ನ ಮುಖ ನೋಡಿ ಸುಮ್ಮನಾದರು. ಓಣಿಯಲ್ಲಿ ಆಗ ಮೂರು ಬೆರಳು ಜಾಗ ಉಳಿದಿತ್ತು. ದೋಣಿ ಕಚೇರಿಯಲ್ಲಿ ನಾನು ಕೊನೆಯ ಮುದ್ರೆ ಒತ್ತಿದ್ದು ಒಂದು ಬೆಕ್ಕಿಗೆ. ಹುಟ್ಟನ್ನು ಅದರ ಪರವಾಗಿ ನಾನೇ ಆಚೆ ತೂರಿದೆ.

ಮೂರು ತಿಂಗಳ ನಂತರ ಮನೆ ಕೂಡುವ ದಿನ ಬಂತು. ಬೆಳಿಗ್ಗೆಯೇ ಊರೆಲ್ಲ ನೆರೆಯಿತು. ನೋಡುವವರ ಗಂಟಲು ಒಣಗದಿರಲಿ ಎಂದು ಮಜ್ಜಿಗೆ ಮಾರುವವರು ಬಂದಿದ್ದರು. ದಸ್ತಗೀರಸಾಬರು ಕೊನೆಯ ತೂಕದಿಂದ ಈಚೆಗೆ ಇಳಿದದ್ದನ್ನೆಲ್ಲ ಕಳೆದು ಎರಡು ಮನೆಯ ತೂಕವನ್ನೂ ಗಟ್ಟಿಯಾಗಿ ಓದಿ ಹೇಳಿದರು. ಅವು ಒಂದೇ ಇದ್ದವು. ಎರಡು ಸಲ ಕೂಡಿಸಿದರೂ ಒಂದೇ. ಇಷ್ಟು ಹಗುರಾದ ಎರಡು ಮನೆಗಳನ್ನು ತಮ್ಮ ಅಜ್ಜನೂ ತೂಗಿರಲಿಲ್ಲ ಅಂದರು. ಯಾವುದು ಕೆಳಗೆ ಹೋಗುತ್ತದೆ ಎಂದು ಜನ ಕೇಳಿದರು. "ನಾನೇನ್ ಹೇಳ್ಲಿ, ನೆಲಾನ ಹೇಳಬೇಕು," ಅಂದರು.

ಹತ್ತೂವರೆಗೆ ಗೋಡೆಗೆ ಗೋಡೆ ತಾಗಿತು. ಜೋಳದ ಒಣ ಸೊಪ್ಪೆಯ ಕಟ್ಟು ತುಳಿದ ಹಾಗೆ ಸದ್ದಾಯಿತು. ಎಲ್ಲರೂ ಬಗ್ಗಿ ಯಾವ ಮನೆಯ ಕಟ್ಟೆ ಇಳಿಯುತ್ತಿದೆ ಎಂದು ನೋಡಿದರು. ಯಾವ ಕಟ್ಟೆಯೂ ಇಳಿಯಲಿಲ್ಲ. ಸ್ವಲ್ಪ ಹೊತ್ತಿಗೆ ಬಗ್ಗಿದವರೆಲ್ಲ ನೆಟ್ಟಗೆ ನಿಂತರು, ಇನ್ನೂ ಸ್ವಲ್ಪ ಹೊತ್ತಿಗೆ ತಲೆ ಎತ್ತಿದರು. ಎರಡೂ ಮನೆಗಳು ಏಳುತ್ತಿದ್ದವು. ಒಂದನ್ನೊಂದು ಒತ್ತುತ್ತಾ, ಪಡಸಾಲೆ ಪಡಸಾಲೆಯೊಳಗೆ ಮಡಚಿಕೊಳ್ಳುತ್ತಾ, ಕೆಳಗಿನ ನೆಲವನ್ನೂ ಜೊತೆಗೆ ಎತ್ತಿಕೊಂಡು ಏಳುತ್ತಿದ್ದವು. ಹನ್ನೆರಡಕ್ಕೆ ಎದೆ ಎತ್ತರ, ಮೂರಕ್ಕೆ ಬೇವಿನ ಮರದೆತ್ತರ. ದಸ್ತಗೀರಸಾಬರು ಮೇಲೆ, ಕೆಳಗೆ ಎಂದು ಎರಡೇ ಅಂಕಣವಿದ್ದ ತಮ್ಮ ಪುಸ್ತಕವನ್ನು ಹಿಂದೆ ಮುಂದೆ ತಿರುವಿ ನೋಡಿ ಮುಚ್ಚಿಟ್ಟರು.

ಅತ್ತೆಯ ಕಿಟಕಿ ಮತ್ತು ಈರಭದ್ರಪ್ಪನ ಕಿಟಕಿ ಒಂದೇ ಕಿಟಕಿಯಾಗಿದ್ದವು. ಅದರಿಂದ ಎರಡು ತಲೆ ಹೊರಗೆ ಬಂದವು.

"ನಿಲ್ಲಸ್ರಿ!" ಎಂದು ಕೂಗಿದ ಈರಭದ್ರಪ್ಪ. "ತಲಿ ತಿರಗಾಕತ್ತೈತಿ!"

"ಭಾರ ಏರಸ್ರೋ!" ಎಂದು ದಸ್ತಗೀರಸಾಬರು ಜನರ ಕಡೆ ತಿರುಗಿದರು. "ಹಗುರಾಗಿ ಏಳಾಕತ್ತಾವ! ಕಲ್ಲು ತರ್ರಿ, ಗಾಣಾ ತರ್ರಿ, ಏನಾರ ತರ್ರಿ!"

ಜನ ಓಡಿದರು. ಅಷ್ಟರಲ್ಲಿ ಅತ್ತೆಯ ದನಿ ಕೇಳಿಸಿತು. ಎಷ್ಟೋ ದಿನ ಊಟ ಕಾಣದ ಹೊಟ್ಟೆಯಿಂದ ಅಂಥ ದನಿ ಹೇಗೆ ಬಂತೋ ಕಾಣೆ. "ನಮ್ಮ ಅಳಿಯಂದಿರನ್ನ ಕರೀರಿ!" ಎನ್ನುತ್ತಿದ್ದರು. "ನೂರಾ ಮೂರು ಕಿಲೋ ಅದಾರ! ಅವರನ್ನ ಕರ್ಕೊಂಡ್ ಬರ್ರಿ!"

ಜನ ನನಗೆ ದಾರಿ ಬಿಟ್ಟರು. ಯಾರೋ ಶಹಬ್ಬಾಸ್ ಅಂದರು. ನನ್ನ ಪಕ್ಕದಲ್ಲಿ ಕಾಶವ್ವ ಮಗುವನ್ನು ಸೊಂಟಕ್ಕೆ ಕಟ್ಟಿಕೊಂಡು ನಿಂತಿದ್ದಳು. ಎದ್ದ ನೆಲಕ್ಕೆ ಮೂರು ಏಣಿಗಳನ್ನು ಕೂಡಿಸಿ ಕಟ್ಟಿ ಒರಗಿಸಿದ್ದರು. ಏರುವವರನ್ನು ತೂಗಿಯೇ ಬಿಡಬೇಕು ಎಂಬ ಅಭ್ಯಾಸಕ್ಕೆ ಏಣಿಯ ಬುಡದಲ್ಲೇ ತಕ್ಕಡಿ ಇತ್ತು. ನಾನು ಕೂತೆ. ದಸ್ತಗೀರಸಾಬರು ನೂರರ ಕಲ್ಲುಗಳನ್ನು ಇಟ್ಟರು, ತಟ್ಟೆ ಧಡಕ್ಕನೆ ನೆಲಕ್ಕೆ ಬಿತ್ತು, ನಾನು ಗಾಳಿಯಲ್ಲಿ ತೂಗಾಡಿದೆ. ಒಂದೊಂದೇ ಕಲ್ಲು ತೆಗೆಯುತ್ತಾ ಬಂದರು.

"ಐವತ್ತೇಳು," ಅಂದರು. ಬಹಳ ಮೆಲ್ಲಗೆ ಅಂದರು. ಶಹಬ್ಬಾಸ್ ಅಂದವರು ಬೇರೆ ಕಡೆ ನೋಡಿದರು.

"ಆದ್ರೂ ಹೋಗೂಣು ನಡೀರಿ," ಅಂದಳು ಕಾಶವ್ವ. ನಾವು ಏರಿದೆವು.

ಮೇಲೆ ಮನೆ ಅನ್ನುವಂಥದ್ದು ಹೆಚ್ಚೇನೂ ಉಳಿದಿರಲಿಲ್ಲ. ಎರಡು ಮನೆಯ ಕೋಣೆಗಳೆಲ್ಲ ಮಡಚಿ, ಒತ್ತಿ, ಒಂದೇ ಒಂದು ಕೋಣೆ ಬಾಕಿಯಿತ್ತು, ನಾಲ್ಕೈದು ಜನ ಮೊಣಕಾಲು ಮಡಚಿ ಕೂರುವಷ್ಟು. ಒಂದು ಮೂಲೆಯಲ್ಲಿ ಈರಭದ್ರಪ್ಪ ಗೋಡೆ ಹಿಡಿದು ಕೂತಿದ್ದ. ಗೋಣಿತಾಟು ಸರಿಸಿ ಅತ್ತೆ ಹೊರಗೆ ಬಂದರು. ನನ್ನನ್ನು ನೋಡಿದರು, ನನ್ನ ಹಿಂದೆ ನೋಡಿದರು, ಮತ್ತೆ ನನ್ನನ್ನು ನೋಡಿದರು.

"ನೀವು ಎಲ್ಲಿ ಹೋದ್ರಿ ಅಳಿಯಂದಿರ?" ಅಂದರು.

"ಇಲ್ಲೇ ಅದೀನ್ರಿ."

ಅವರು ನನ್ನ ತೋಳು ಹಿಡಿದುಕೊಂಡರು. ಬೆರಳುಗಳು ತೋಳನ್ನು ಸುತ್ತಿ ಒಂದಕ್ಕೊಂದು ತಾಗಿದವು. "ಅರ್ಧಾ ಮನಷ್ಯಾ ಆಗೀರಿ. ಯಾರು ಮಾಡಿದ್ರು ಹಿಂಗ?"

ನೀವೇ ಎಂದು ನಾನು ಹೇಳಬಹುದಿತ್ತು. ಎಷ್ಟೋ ದಿನ ದಾರಿಯುದ್ದಕ್ಕೂ ಹೇಳಿಕೊಂಡು ಅಭ್ಯಾಸ ಮಾಡಿದ ಮಾತು ಅದು. "ಬುತ್ತಿ ಒಬ್ಬನಽ ಹೆಂಗ ಉಣ್ಣಲ್ರಿ ಅತ್ತಿ," ಅಂದೆ.

ಅಷ್ಟರಲ್ಲಿ ಏಣಿಯ ಬುಡದಿಂದ ಕೂಗು ಬಂತು. ಹತ್ತು ಜನ ಸೇರಿ ಬೀಸುಕಲ್ಲು, ಕಲ್ಲಿನ ಆನೆ, ಗಾಣದ ಗುಂಡು ತಂದು ಹಗ್ಗ ಕಟ್ಟಿ ಸಿದ್ಧವಾಗಿದ್ದರು.

"ಮ್ಯಾಲಿನವರು ಇಳೀರಿ!" ಎಂದು ದಸ್ತಗೀರಸಾಬರು ಕೂಗಿದರು. "ಖೋಲಿ ತುಂಬ ಕಲ್ಲು ಒಟ್ಟಿದ್ರ ಈಗೂ ನಿಲ್ತೈತಿ! ಹೊತ್ತಾದ್ರ ಹಗ್ಗ ಮುಟ್ಟಂಗಿಲ್ಲ!"

"ಕೇಳಿಸ್ತೇನ್ರಿ ಸಾತವ್ವಾರ?" ಈರಭದ್ರಪ್ಪ ಮೂಲೆಯಿಂದ ಅಂಗಲಾಚಿದ. "ಇವರನ್ನ ಇಳಸ್ರಿ, ಕಲ್ಲು ಏರಸ್ರಿ. ಈ ಐವತ್ತು ಕಿಲೋ ಮನಷ್ಯಾನಿಂದ ಏನೂ ಆಗಂಗಿಲ್ಲ."

ಅತ್ತೆ ಅಂಚಿಗೆ ಹೋಗಿ ಕೆಳಗೆ ನೋಡಿದರು. ಹಗ್ಗ ಎಸೆದವರು ಮುಖ ಎತ್ತಿ ಕಾಯುತ್ತಿದ್ದರು. ನೆಲ ಇನ್ನೂ ಏಳುತ್ತಿತ್ತು, ಕಾಲಡಿಯಲ್ಲಿ ಗೊತ್ತಾಗುತ್ತಿತ್ತು. ಅವರು ತಿರುಗಿ ಆ ಕೋಣೆಯನ್ನು ನೋಡಿದರು, ಕಾಶವ್ವನನ್ನು ನೋಡಿದರು, ಅವಳ ಸೊಂಟದಲ್ಲಿ ನಿದ್ದೆ ಹೋಗಿದ್ದ ಮಗುವನ್ನು ಮೊದಲ ಸಲ ನೋಡಿದರು.

"ಕಲ್ಲು ಒಟ್ಟಿದ್ರ ಇವರು ಎಲ್ಲಿ ಕೂಡಬೇಕು?" ಅಂದರು. ಯಾರಿಗೆ ಅಂದರೋ ಗೊತ್ತಿಲ್ಲ. ಆಮೇಲೆ ಕೆಳಗಿನವರಿಗೆ ಕೇಳುವ ಹಾಗೆ ಕೂಗಿದರು. "ಬ್ಯಾಡ್ರೋ ಯಪ್ಪಾ! ಒಯ್ರಿ ನಿಮ್ಮ ಕಲ್ಲು! ಏಳೂದಿದ್ರ ಏಳ್ಲಿ ಬಿಡ್ರಿ!"

ಈರಭದ್ರಪ್ಪ ತಲೆ ಮೇಲೆ ಕೈ ಹೊತ್ತುಕೊಂಡ. ಇಳಿಯುವುದಾದರೆ ಇಳಿಯಿರಿ ಎಂದು ಅತ್ತೆ ಅವನಿಗೆ ಹೇಳಿದರು. ಇಳಿಯಲು ಅವನಿಗೆ ಇನ್ನೂ ಹೆದರಿಕೆ, ಹಾಗಾಗಿ ಉಳಿದ. ಅತ್ತೆ ಗೋಣಿತಾಟನ್ನು ಪೂರ್ತಿ ಮೇಲೆತ್ತಿ ಹಿಡಿದು ನಿಂತು, "ಬರ್ರಿ ಒಳಗ," ಅಂದರು. "ತಲಿ ಬಗ್ಗಿಸಿ ಬರ್ರಿ, ತೊಲಿ ಕೆಳಗ ಐತಿ." ನಾವು ಒಳಗೆ ಹೋದೆವು. ಕಾಶವ್ವ ಕಟ್ಟಿಕೊಂಡು ಬಂದಿದ್ದ ಬುತ್ತಿ ಬಿಚ್ಚಿದಳು, ಎತ್ತಿ ನೋಡದೆಯೇ ಅತ್ತೆ ಎಲ್ಲರಿಗೂ ರೊಟ್ಟಿ ಹರಿದು ಕೊಟ್ಟರು, ಈರಭದ್ರಪ್ಪನಿಗೂ ಕೊಟ್ಟರು.

ಇದೆಲ್ಲ ಆಗಿ ಹನ್ನೆರಡು ವರ್ಷವಾಯಿತು. ಮೊದಲ ದಿನದ ಆ ಓಟ ಈಗಿಲ್ಲ, ಆದರೂ ಮನೆ ವರ್ಷಕ್ಕೆ ಗೇಣಿನಂತೆ ಏಳುತ್ತಲೇ ಇದೆ. ಶಾಲೆಯ ಗುಡ್ಡ ಕೆಳಗೆ ಉಳಿಯಿತು. ನೀರು ತರುವುದು ತ್ರಾಸು, ಚಳಿ ಬಹಳ. ಮುಂಗಾರಿನಲ್ಲಿ ಊರಿನವರು ಮೋಡ ನೋಡಲು ನಮ್ಮಲ್ಲಿಗೆ ಬರುತ್ತಾರೆ. ಅವರ ಪೈಕಿ ಯಾರಾದರೂ ಮಗಳನ್ನು ನೋಡಿ, ಎಷ್ಟು ಬೆಳೆದಿದ್ದಾಳೆ, ಈಗ ಎಷ್ಟು ಕಿಲೋ ಇರಬಹುದು ಎಂದು ಕೇಳಿಬಿಡುತ್ತಾರೆ, ಊರಿನ ಅಭ್ಯಾಸ. ಅತ್ತೆ ಅಂಥವರಿಗೆ ಎದ್ದು ಹೋಗಿ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಯಾರು ಎಷ್ಟು ಭಾರವಿದ್ದೇವೆ ಎಂದು ಆ ದಿನದಿಂದ ಯಾರಿಗೂ ಗೊತ್ತಿಲ್ಲ.